ಸ್ಟೇಟಸ್ ಹೇಳುವುದಕ್ಕೆ ಹತ್ತು ಜನ ಯಾಕೆ?

ಮಾರತಹಳ್ಳಿಯಿಂದ ಓದುಗರೊಬ್ಬರ ಪತ್ರ: “ಸಾಫ್ಟ್‌ವೇರ್ ಕಂಪನಿಯಲ್ಲಿದ್ದೇನೆ. ಬೆಳಗ್ಗೆ ಸ್ಟ್ಯಾಂಡ್‌ಅಪ್ (ತಂಡದ ದಿನದ ಚಿಕ್ಕ ಮೀಟಿಂಗ್), ಮಧ್ಯಾಹ್ನ ರಿವ್ಯೂ, ರಾತ್ರಿ ಕ್ಯಾಲಿಫೋರ್ನಿಯಾದವರ ಜೊತೆ ಕಾಲ್. ಕೋಡ್ ಬರೆಯುವುದು ಯಾವಾಗ? ಮೀಟಿಂಗ್‌ಗಳನ್ನೆಲ್ಲ ಕಿತ್ತುಹಾಕಿದರೆ ಯಾರಿಗೆ ನಷ್ಟ?”

ಸಂಪಾದಕರ ಉತ್ತರ:

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಎಲ್ಲವನ್ನೂ ಕಿತ್ತುಹಾಕಿ ಅನ್ನುವುದನ್ನು ಮಾತ್ರ ನಾನು ಒಪ್ಪಲಾರೆ.

2023ರಲ್ಲಿ ಮೈಕ್ರೋಸಾಫ್ಟ್ ಒಂದು ಲೆಕ್ಕ ಕೊಟ್ಟಿತ್ತು. ಅದರ ತಂತ್ರಾಂಶದಲ್ಲಿ ನೌಕರರು ಕಳೆಯುವ ಸಮಯದಲ್ಲಿ ಶೇ. 57 ಭಾಗ ಮೀಟಿಂಗ್, ಮೇಲ್, ಚಾಟ್‌ಗೆ ಹೋಗುತ್ತಿತ್ತು. ಏನಾದರೂ ತಯಾರಿಸುವುದಕ್ಕೆ ಉಳಿದದ್ದು ಶೇ. 43. (ಮೀಟಿಂಗ್ ತಂತ್ರಾಂಶ ಮಾರುವವರೇ ಇದನ್ನು ಹೇಳಿದ್ದು, ಅದೂ ತಮ್ಮ ಹೊಸ ಎಐ ಮಾರುವ ಹೊತ್ತಿಗೆ ಸರಿಯಾಗಿ!)

ಆಫೀಸಿಗೆ ಒಂದು ಕುರ್ಚಿ ಬೇಕೆಂದರೆ ಮೇಲಿನವರ ಒಪ್ಪಿಗೆ ಬೇಕು. ಹತ್ತು ಜನರನ್ನು ಒಂದು ಗಂಟೆ ಕೂರಿಸಲು ಯಾರ ಸಹಿಯೂ ಬೇಡ, ಇನ್ವೈಟ್ ಕಳಿಸಿದರೆ ಮುಗಿಯಿತು. ಹತ್ತು ಗಂಟೆಯ ಸಂಬಳ ಖರ್ಚಾಯಿತು ಅಂತ ಯಾರೂ ಬರೆದಿಡುವುದಿಲ್ಲ. ಕೆನಡಾದ ಶಾಪಿಫೈ ಕಂಪನಿ 2023ರ ಜನವರಿಯಲ್ಲಿ ಮೂರು ಅಥವಾ ಅದಕ್ಕಿಂತ ಹೆಚ್ಚು ಜನ ಸೇರುವ, ಪದೇ ಪದೇ ನಡೆಯುವ ಮೀಟಿಂಗ್‌ಗಳನ್ನೆಲ್ಲ ಕ್ಯಾಲೆಂಡರಿನಿಂದ ಅಳಿಸಿತು. ಆಮೇಲೆ ಅಷ್ಟು ಜನ ಸೇರುವ ಮೀಟಿಂಗ್‌ಗೆ ಎಷ್ಟು ಹಣ ಹೋಗುತ್ತದೆ ಎಂದು ಅಲ್ಲೇ ತೋರಿಸಲೂ ಶುರು ಮಾಡಿತು. ನಮ್ಮ ಸರ್ಕಾರಿ ಕಚೇರಿಗಳಿಗೂ ಇಂಥದ್ದೊಂದು ಬೇಕು. “ಸಾಹೇಬ್ರು ಮೀಟಿಂಗ್‌ನಲ್ಲಿದ್ದಾರೆ, ನಾಳೆ ಬನ್ನಿ” ಎಂದಾಗ ಹಳ್ಳಿಯಿಂದ ಬಸ್ ಹತ್ತಿ ಬಂದವರ ದಿನಗೂಲಿಯನ್ನೂ ಅದರಲ್ಲಿ ಸೇರಿಸಬೇಕು.

ಇನ್ನು ನಿಮ್ಮ ಸ್ಟ್ಯಾಂಡ್‌ಅಪ್. ಸ್ಕ್ರಮ್ ಎಂಬ ಕೆಲಸದ ಪದ್ಧತಿಯ ನಿಯಮದ ಪ್ರಕಾರ ಅದು 15 ನಿಮಿಷದ್ದು. ಕೆಲಸ ಮಾಡುವವರು ಆ ದಿನದ ಕೆಲಸವನ್ನು ತಮ್ಮತಮ್ಮಲ್ಲೇ ಹೊಂದಿಸಿಕೊಳ್ಳಲು ಇರುವಂಥದ್ದು. ನಿನ್ನೆ ಏನು ಮಾಡಿದೆ, ಇವತ್ತು ಏನು, ಅಡ್ಡಿ ಏನಾದರೂ ಇದೆಯಾ ಎಂಬ ಮೂರು ಪ್ರಶ್ನೆಗಳನ್ನು ಆ ಪದ್ಧತಿಯ ಕೈಪಿಡಿಯಾದ ಸ್ಕ್ರಮ್ ಗೈಡ್ 2020ರಲ್ಲೇ ಕೈಬಿಟ್ಟಿದೆ. ನಮ್ಮಲ್ಲಿ ಮಾತ್ರ ಮ್ಯಾನೇಜರ್ ಮುಂದೆ ಇನ್ನೂ ಹಾಜರಿ ಹೇಳುವ ಹಾಗೆ ಒಪ್ಪಿಸುತ್ತೇವೆ. ಒಬ್ಬರು ಮಾತಾಡುತ್ತಾರೆ, ಉಳಿದವರು ಮ್ಯೂಟ್‌ನಲ್ಲಿ ತಮ್ಮ ಸರದಿ ಕಾಯುತ್ತಾರೆ. ಇದನ್ನು ನಾಲ್ಕು ಸಾಲು ಬರೆದು ಕಳಿಸಿದರೆ ಸಾಕು, ಅಲ್ವಾ?

ರಾತ್ರಿ ಕಾಲ್ ತೆಗೆಯಿರಿ ಎಂದು ಮಾತ್ರ ಹೇಳಲಾರೆ. ಮೇಲ್‌ನಲ್ಲಿ ಕೇಳಿದ ಪ್ರಶ್ನೆಗೆ ಅಲ್ಲಿಂದ ಉತ್ತರ ಬರುವಷ್ಟರಲ್ಲಿ ಒಂದು ದಿನ ಹೋಗುತ್ತದೆ. ಆದರೆ ಹೊತ್ತು ಯಾರದು? ಅವರ ಬೆಳಗಿನ 9 ಗಂಟೆ ಎಂದರೆ, ಅಲ್ಲಿನ ಬೇಸಿಗೆಯಲ್ಲಿ ನಮಗೆ ರಾತ್ರಿ ಒಂಬತ್ತೂವರೆ. ನವೆಂಬರ್ ಮೊದಲ ಭಾನುವಾರ ಅವರು ಗಡಿಯಾರ ಹಿಂದಕ್ಕೆ ತಿರುಗಿಸಿದ ಮೇಲೆ ಹತ್ತೂವರೆ. ಒಂದು ವಾರ ಅವರೂ ರಾತ್ರಿ 8ಕ್ಕೆ ಕೂರಲಿ. ನಮಗಾಗ ಬೆಳಗ್ಗೆ ಎಂಟೂವರೆ ಅಥವಾ ಒಂಬತ್ತೂವರೆ. ಕೇಳಿದರೆ ಕೆಲವರು ಒಪ್ಪುತ್ತಾರೆ. ನಾವೇ ಕೇಳುವುದಿಲ್ಲ.

ಮ್ಯಾನೇಜರ್ ಹತ್ತಿರ “ಮೀಟಿಂಗ್ ಜಾಸ್ತಿ ಆಯ್ತು” ಎಂದು ಹೇಳಬೇಡಿ, ಅವರಿಗೆ ನಿಮಗಿಂತ ಜಾಸ್ತಿ ಇರುತ್ತದೆ. ತಿಂಗಳಿಂದ ನೀವು ಬಾಯಿ ಬಿಡದ ಒಂದು ಮೀಟಿಂಗ್ ಹೆಸರು ಹೇಳಿ. “ಬೇಕಾದಾಗ ಕರೀರಿ, ತಕ್ಷಣ ಸೇರ್ತೀನಿ” ಎನ್ನಿ.

ಎಷ್ಟು ವರ್ಷದ ಅನುಭವ ಎಂದು ನೀವು ಬರೆದಿಲ್ಲ. ಹೊಸಬರಾಗಿದ್ದರೆ, ಸಾಫ್ಟ್‌ವೇರ್ ಹೇಗೆ ಕಟ್ಟಬೇಕು ಎಂದು ಚರ್ಚಿಸುವ ಡಿಸೈನ್ ರಿವ್ಯೂ ಮಾತ್ರ ತಪ್ಪಿಸಬೇಡಿ. ಸೀನಿಯರ್‌ಗಳು ಯಾವುದಕ್ಕೆ ಜಗಳ ಆಡುತ್ತಾರೆ, ಯಾವುದನ್ನು ಸುಮ್ನೆ ಬಿಟ್ಟುಕೊಡುತ್ತಾರೆ ಎನ್ನುವುದು ಯಾವ ಡಾಕ್ಯುಮೆಂಟಿನಲ್ಲೂ ಸಿಗುವುದಿಲ್ಲ.