ಆಪರೇಷನ್ ಆದ ಮೇಲೆ ಕರುಳು ಏಕೆ ಸುಮ್ಮನಾಗುತ್ತದೆ?

ಪ್ರಶ್ನೆ: ಕಳೆದ ವರ್ಷ ನಮ್ಮ ತಂದೆಯವರಿಗೆ ದೊಡ್ಡ ಕರುಳಿನ ಗಡ್ಡೆ ತೆಗೆದಾಗ ಐದು ದಿನ ಗಾಳಿಯೇ ಹೋಗದೆ ಹೊಟ್ಟೆ ತಮಟೆಯಂತೆ ಉಬ್ಬಿತ್ತು. ಮುಂದಿನ ತಿಂಗಳು ತಾಯಿಯವರಿಗೆ ಹೊಟ್ಟೆ ಕೊಯ್ದು ಗರ್ಭಕೋಶ ತೆಗೆಯಲಿದ್ದಾರೆ. ಅವರಿಗೂ ಹೀಗಾಗದಂತೆ ಏನು ಮಾಡಬಹುದು? ಹರಳೆಣ್ಣೆ ಕೊಟ್ಟರೆ ಸರಿಹೋಗುತ್ತದೆ ಎಂದು ಅಜ್ಜಿ ಹೇಳುತ್ತಾರೆ.

ಉತ್ತರ: ಹೊಟ್ಟೆಯ ಶಸ್ತ್ರಚಿಕಿತ್ಸೆಯ ನಂತರ ಕರುಳು ಕೆಲಕಾಲ ಚಲನೆ ನಿಲ್ಲಿಸುವುದು ಸಹಜ. ಸಣ್ಣ ಕರುಳು ಸಾಮಾನ್ಯವಾಗಿ ಒಂದು ದಿನದೊಳಗೆ, ಜಠರ ಒಂದೆರಡು ದಿನಗಳಲ್ಲಿ ಚೇತರಿಸಿಕೊಳ್ಳುತ್ತವೆ. ದೊಡ್ಡ ಕರುಳಿಗೆ ಮಾತ್ರ 48ರಿಂದ 72 ಗಂಟೆ ಬೇಕಾಗುತ್ತದೆ. ಕರುಳನ್ನು ಮುಟ್ಟಿ ಸರಿಸಿದ್ದರಿಂದ ಉಂಟಾಗುವ ಉರಿಯೂತ, ನೋವಿಗೆ ಕೊಡುವ ಮಾರ್ಫಿನ್ ಬಗೆಯ ಔಷಧಿಗಳು, ಅತಿಯಾದ ಸಲೈನ್, ರಕ್ತದಲ್ಲಿ ಪೊಟ್ಯಾಸಿಯಂ ಕುಸಿಯುವುದು ಇವೆಲ್ಲ ಸೇರಿದಾಗ ಅವಧಿ ಇನ್ನೂ ಲಂಬಿಸುತ್ತದೆ.

ಡಾಕ್ಟರು ರೌಂಡ್ಸಿಗೆ ಬಂದಾಗಲೆಲ್ಲ "ಗಾಳಿ ಹೋಯಿತೇ?" ಎಂದು ಕೇಳುವುದು ಈ ಕಾರಣಕ್ಕೇ. ನಾಚಿಕೆಯಿಂದ "ಇಲ್ಲ" ಎನ್ನುವವರೂ, ಊಟ ಸಿಗಲಿ ಎಂದು "ಹೂಂ" ಎನ್ನುವವರೂ ಇದ್ದಾರೆ. ಎರಡೂ ಚಿಕಿತ್ಸೆಯ ದಿಕ್ಕು ತಪ್ಪಿಸುತ್ತವೆ. ತಾಯಿಯವರಿಗೆ ಇದನ್ನು ಮೊದಲೇ ತಿಳಿಸಿಡಿ.

1990ರ ದಶಕದಲ್ಲಿ ಡೆನ್ಮಾರ್ಕಿನ ಶಸ್ತ್ರವೈದ್ಯ ಹೆನ್ರಿಕ್ ಕೆಲೆಟ್ ಅವರು ರೋಗಿಯನ್ನು ದಿನಗಟ್ಟಲೆ ಉಪವಾಸ ಮಲಗಿಸುವ ಪದ್ಧತಿಯನ್ನೇ ಪ್ರಶ್ನಿಸಿದರು. ಬೇಗ ಎಬ್ಬಿಸಿ ನಡೆಸುವುದು, ಬೇಗ ಬಾಯಿಂದ ಆಹಾರ ಕೊಡುವುದು, ಮಾರ್ಫಿನ್ ಕಡಿಮೆ ಮಾಡಿ ಬೆನ್ನಿನ ಇಂಜೆಕ್ಷನ್, ಪ್ಯಾರಾಸಿಟಮಾಲ್ ಮುಂತಾದವುಗಳಿಂದ ನೋವು ತಗ್ಗಿಸುವುದು ಇಂದು ಅನೇಕ ಆಸ್ಪತ್ರೆಗಳ ರೂಢಿ. ಆದ್ದರಿಂದ ಅರಿವಳಿಕೆ ತಜ್ಞರ ಬಳಿ ನೋವಿನ ಔಷಧಿಯ ಬಗ್ಗೆ ಈಗಲೇ ಮಾತಾಡಿ. ನೋವು ಸಹಿಸಿಕೊಂಡು ಔಷಧಿ ಬೇಡವೆನ್ನುವುದೂ ಸಲ್ಲ. ನೋವಿದ್ದರೆ ಅವರು ಹಾಸಿಗೆಯಿಂದ ಏಳುವುದೇ ಇಲ್ಲ.

ವೈದ್ಯರು ಒಪ್ಪಿದ ಕೂಡಲೇ ಗುಟುಕು ಗುಟುಕಾಗಿ ನೀರು, ತೆಳು ಗಂಜಿ, ತಿಳಿಸಾರು ಆರಂಭಿಸಬಹುದು. ಸಕ್ಕರೆಯಿಲ್ಲದ ಚ್ಯೂಯಿಂಗ್ ಗಮ್ ಅಗಿಯುವುದರಿಂದ, ಊಟ ಬರುತ್ತಿದೆಯೆಂದು ಭ್ರಮಿಸಿ ಕರುಳು ಚಲಿಸತೊಡಗುವುದುಂಟು. ಲಾಭ ಸಾಧಾರಣವಾದರೂ ಖರ್ಚು ಅತ್ಯಲ್ಪ. ಎಲೆ-ಅಡಿಕೆ ಇದಕ್ಕೆ ಬದಲಿಯಲ್ಲ.

ಹರಳೆಣ್ಣೆ ಮಾತ್ರ ಬೇಡ. ಮಲಬದ್ಧತೆಯೇ ಬೇರೆ, ಕರುಳು ಸ್ತಬ್ಧವಾಗುವುದೇ ಬೇರೆ. ಸ್ತಬ್ಧ ಕರುಳಿಗೆ ಬಲವಾದ ವಿರೇಚಕ ಕೊಟ್ಟರೆ ವಾಂತಿ, ಹೊಟ್ಟೆನುಲಿತ ಹೆಚ್ಚಬಹುದು. ಎಲ್ಲೋ ಅಡಚಣೆಯಿದ್ದರಂತೂ ಅಪಾಯವೇ. ಮೃದು ವಿರೇಚಕ ಬೇಕೆನಿಸಿದರೆ ವೈದ್ಯರೇ ಬರೆದುಕೊಡುತ್ತಾರೆ.

ನಾಲ್ಕನೆಯ ದಿನಕ್ಕೂ ಗಾಳಿ ಹೋಗದೆ, ಊಟ ಸೇರದೆ ಹೊಟ್ಟೆ ಉಬ್ಬುತ್ತಲೇ ಇದ್ದರೆ ವೈದ್ಯರು ರಕ್ತಪರೀಕ್ಷೆ, ಸ್ಕ್ಯಾನ್ ಮಾಡಿಸಿ ಅಡಚಣೆಯೋ ಒಳಸೋಂಕೋ ಎಂದು ನೋಡುತ್ತಾರೆ. ವಾಂತಿ ನಿಲ್ಲದಿದ್ದರೆ ಮೂಗಿನಿಂದ ಜಠರಕ್ಕೆ ನಳಿಕೆ ಹಾಕುತ್ತಾರೆ. ಮನೆಗೆ ಬಂದ ಮೇಲೆ ಹಸಿರು ವಾಂತಿ, ಜ್ವರ, ಏರುತ್ತಿರುವ ಹೊಟ್ಟೆನೋವು ಕಂಡರೆ ಬೆಳಗಾಗುವವರೆಗೆ ಕಾಯದೆ, ಆ ರಾತ್ರಿಯೇ ಆಸ್ಪತ್ರೆಗೆ ಕರೆದೊಯ್ಯಿರಿ.