ತಮ್ಮನ ಮೂಗಿಗೆ ಕ್ರಿಕೆಟ್ ಬಾಲ್ ಬಿದ್ದು 5 ದಿನವಾಯಿತು, ಸೊಟ್ಟಗಾಗಿದೆ. ಮುಂದಿನ ತಿಂಗಳು ಪಿಯುಸಿ ಪರೀಕ್ಷೆ ಮುಗಿದ ಮೇಲೆ ಆಪರೇಷನ್ ಮಾಡಿಸಬಹುದಾ?

ಯಾವಾಗ ಆಪರೇಷನ್ ಅಂತ ಕೇಳುವ ಹೊತ್ತಲ್ಲ ಇದು. ನಾಳೆಯೇ ಇಎನ್‌ಟಿ ಡಾಕ್ಟರಿಗೆ ತೋರಿಸಿ. ಈಗ ಹೋದರೆ ಆಪರೇಷನ್ ಬೇಕಾಗದೆಯೂ ಇರಬಹುದು.

ಕಾಲೇಜಿನಲ್ಲಿ ಕಬಡ್ಡಿ ಆಡುವಾಗ ನನ್ನ ಮೂಗಿಗೆ ಎದುರಿನವನ ಮೊಣಕೈ ಬಡಿಯಿತು. ಐಸ್ ಇಟ್ಟರು, ರಕ್ತ ನಿಂತಿತು. ಅಪ್ಪ ಆಸ್ಪತ್ರೆಗೆ ಹೋಗೋಣ ಅಂದರೆ ನಾನೇ ಬೇಡ ಅಂದೆ. ಮುಖ ಊದಿಕೊಂಡಿದ್ದರಿಂದ ಮೂಗು ಹೇಗಿದೆ ಅಂತ ಗೊತ್ತೇ ಆಗಲಿಲ್ಲ. ಬಾವು ಇಳಿದಾಗ ಎಡಕ್ಕೆ ವಾಲಿದ್ದು ಕಂಡಿತು. ಪೂರ್ತಿ ಇಳಿದರೆ ಸರಿಹೋಗುತ್ತೆ ಅಂತ ಸುಮ್ನಿದ್ದೆ.

ಎಡವಟ್ಟಾಗಿದ್ದು ಅಲ್ಲೇ. ಮೂಗಿನ ಮೂಳೆ ಬಹಳ ಬೇಗ ಕೂಡಿಕೊಳ್ಳುತ್ತದೆ. ದೊಡ್ಡವರಲ್ಲಿ ಸುಮಾರು 2 ವಾರದೊಳಗಾದರೆ ಕೊಯ್ಯದೆಯೇ ಎತ್ತಿ ಜಾಗಕ್ಕೆ ಕೂರಿಸಬಹುದು. ಮೊದಲ ಕೆಲವು ದಿನ ಬಾವು ಇಳಿಯಲಿ ಅಂತ ಡಾಕ್ಟರೇ ಕಾಯಿಸುವುದುಂಟು. ಹಾಗಾಗಿ ಕೈಗೆ ಸಿಗುವುದು ಒಂದು ವಾರ ಚಿಲ್ಲರೆ, ಅಷ್ಟೇ. ಅದು ದಾಟಿತೋ, ಮೂಳೆ ಸೊಟ್ಟಗೇ ಗಟ್ಟಿಯಾಗುತ್ತದೆ. ಆಮೇಲೆ ಅದನ್ನು ಮತ್ತೆ ಕತ್ತರಿಸಿಯೇ ನೆಟ್ಟಗೆ ಮಾಡಬೇಕು. ಎಕ್ಸ್‌ರೇಯಲ್ಲಿ ಏನೂ ಇಲ್ಲ ಅಂದರೂ ನಂಬಿ ಕೂರಬೇಡಿ. ಎರಡು ಹೊಳ್ಳೆಗಳ ಮಧ್ಯೆ ಇರುವ ನಡುಗೋಡೆಯ ಮುಂದಿನ ಭಾಗ ಮೆದು ಎಲುಬು, ಎಕ್ಸ್‌ರೇಗೆ ಕಾಣುವುದಿಲ್ಲ.

ನನ್ನ ನಡುಗೋಡೆಯೂ ಬಾಗಿತ್ತು. ಚೀಟಿಯಲ್ಲಿ ಡಿಎನ್‌ಎಸ್ ಅಂತ ಬರೆಯುತ್ತಾರಲ್ಲ, ಅದೇ. ಒಂದು ಹೊಳ್ಳೆ ಸದಾ ಕಟ್ಟಿಕೊಂಡಿರುತ್ತಿತ್ತು, ರಾತ್ರಿಯೆಲ್ಲ ಬಾಯಲ್ಲೇ ಉಸಿರು. ಬರೀ ಸೆಪ್ಟೋಪ್ಲಾಸ್ಟಿ ಮಾಡಿಸಿದರೆ ಸಾಕು ಅಂದುಕೊಂಡಿದ್ದೆ. ಅದರಲ್ಲಿ ಒಳಗಿನ ಗೋಡೆ ಸರಿಯಾಗುತ್ತದೆ, ಹೊರಗಿನ ಸೊಟ್ಟ ಹಾಗೇ ಉಳಿಯುತ್ತದೆ. ಕೊನೆಗೆ ಒಳಗೂ ಹೊರಗೂ ಒಟ್ಟಿಗೆ ಮಾಡುವ ಸೆಪ್ಟೋರೈನೋಪ್ಲಾಸ್ಟಿಯೇ ಬೇಕಾಯಿತು. ಹೊಳ್ಳೆಗಳೊಳಗೆ ಇಟ್ಟಿದ್ದ ಸಿಲಿಕಾನ್ ಪಟ್ಟಿಗಳನ್ನು ಎಳೆದಾಗ ಕಣ್ಣಲ್ಲಿ ನೀರು ಬಂತು. ಹಿಂದೆಯೇ ಎರಡೂ ಹೊಳ್ಳೆಯಲ್ಲಿ ತಣ್ಣನೆ ಗಾಳಿ ಹೋಯಿತು ನೋಡಿ, ಆ ಸುಖ ಹೇಳಲಾಗದು! ಆದರೆ ಮೂಗಿನ ತುದಿಯ ಬಾವು ಪೂರ್ತಿ ಇಳಿಯಲು ಹೆಚ್ಚೂಕಡಿಮೆ ವರ್ಷ ಹಿಡಿಯಿತು. ಪರೀಕ್ಷೆಗೆ ಅಡ್ಡಿ ಅಂತ ಹೆದರುತ್ತಿದ್ದೀರಲ್ಲ, ಈಗ ಮೂಳೆ ಕೂರಿಸಲು ಹೋಗುವುದು ಒಂದೆರಡು ದಿನ.

ಇವತ್ತೇ ತಮ್ಮನ ಹೊಳ್ಳೆಗಳೊಳಗೆ ಟಾರ್ಚ್ ಬಿಟ್ಟು ನೋಡಿ. ನಡುಗೋಡೆ ಕೆಂಪಗೋ ನೀಲಿಯಾಗಿಯೋ ಉಬ್ಬಿದೆಯಾ? ಮೂಗು ಪೂರ್ತಿ ಕಟ್ಟಿ ನೋವು ಜಾಸ್ತಿ ಆಗುತ್ತಿದೆಯಾ? ಹಾಗಿದ್ದರೆ ನಾಳೆವರೆಗೂ ಕಾಯಬೇಡಿ, ರಾತ್ರಿಯೇ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ. ಒಳಗೆ ರಕ್ತ ಕಟ್ಟಿಕೊಂಡಿದ್ದರೆ ಮೆದು ಎಲುಬು ಕೆಲವೇ ದಿನಗಳಲ್ಲಿ ಸತ್ತು, ಮೂಗಿನ ನಡುಭಾಗವೇ ಕುಸಿಯಬಹುದು.