ಟ್ರೋಫಿಯಸ್ ಮೀನಿಗೆ ಇಷ್ಟೊಂದು ಬಣ್ಣ ಏಕೆ?

ಪ್ರಶ್ನೆ: ಅಕ್ವೇರಿಯಂ ಅಂಗಡಿಯಲ್ಲಿ ಎರಡು ಥರದ ಟ್ರೋಫಿಯಸ್ ನೋಡಿದೆ. ಒಂದು ಕಪ್ಪು ಮೈಗೆ ಹಳದಿ ಪಟ್ಟಿ, ಇನ್ನೊಂದು ಕೆಂಪು. ಎರಡೂ ಟಾಂಗನಿಕಾ ಸರೋವರದವೇ ಅಂತೆ. ಒಂದೇ ನೀರಿನಲ್ಲಿದ್ದೂ ಬಣ್ಣ ಬೇರೆಯಾದದ್ದು ಹೇಗೆ? ಒಟ್ಟಿಗೆ ಸಾಕಬಹುದೇ?
– ಓದುಗರು, ಮೈಸೂರು

ಉತ್ತರ: ಸರೋವರ ಒಂದೇ ಆದರೂ ಈ ಮೀನಿಗೆ ಅದರ ಬಹುಪಾಲು ಪರಸ್ಥಳವೇ. ಪೂರ್ವ ಆಫ್ರಿಕದ ಟಾಂಗನಿಕಾ ಸುಮಾರು 670 ಕಿ.ಮೀ. ಉದ್ದ, ಅತಿ ಆಳದ ಕಡೆ 1,470 ಮೀಟರ್. ಟ್ರೋಫಿಯಸ್ ಬದುಕುವುದು ದಡದ ಬಂಡೆಗಳ ನಡುವೆ, ಬಿಸಿಲು ಇಳಿಯುವಷ್ಟು ಆಳದಲ್ಲಿ, ಬಂಡೆಗೆ ಕಟ್ಟಿದ ಪಾಚಿಯನ್ನು ಹೆರೆದು ತಿಂದುಕೊಂಡು. ನಡುವೆ ಮರಳಿನ ಕೊಲ್ಲಿಯೋ ನದಿ ಸೇರುವ ಕೆಸರಿನ ಜಾಗವೋ ಬಂತೆಂದರೆ ಅಲ್ಲಿ ಮೇಯಲು ಪಾಚಿಯಿಲ್ಲ, ದೊಡ್ಡ ಮೀನು ಅಟ್ಟಿದರೆ ನುಸುಳಲು ಸಂದಿಯೂ ಇಲ್ಲ. ಅದನ್ನು ದಾಟುವ ಮೀನು ತೀರಾ ಅಪರೂಪ.

ಮರಿಗಳೂ ದೂರ ಹೋಗುವುದಿಲ್ಲ. ಹೆಣ್ಣು ಸಾಮಾನ್ಯವಾಗಿ 5ರಿಂದ 15 ದಪ್ಪ ಮೊಟ್ಟೆ ಇಟ್ಟು, ಸುಮಾರು ನಾಲ್ಕು ವಾರ ಬಾಯೊಳಗೇ ಕಾಪಾಡಿ, ಚೆನ್ನಾಗಿ ಈಜಬಲ್ಲ ಮರಿಗಳನ್ನು ಅದೇ ಬಂಡೆಸಾಲಿನಲ್ಲಿ ಬಿಡುತ್ತದೆ. ಹೊರಗಿನ ರಕ್ತ ಬೆರೆಯದೆ ಸಾವಿರಾರು ತಲೆಮಾರು ಕಳೆದಾಗ ಒಂದು ಕಡೆ ಹುಟ್ಟಿದ ಸಣ್ಣ ಬದಲಾವಣೆ ಅಲ್ಲೇ ಬೇರೂರುತ್ತದೆ. ಹೀಗೆ ನೂರಕ್ಕೂ ಹೆಚ್ಚು ಸ್ಥಳೀಯ ಬಣ್ಣಗಳು ಆಗಿವೆ.

ಈ ಅಡ್ಡಿ ಶಾಶ್ವತವಲ್ಲ ಎನ್ನುವುದೇ ಇದರಲ್ಲಿ ಸೊಗಸಾದ ಸಂಗತಿ. ಮಳೆ ಕಡಿಮೆಯಾದ ಯುಗಗಳಲ್ಲಿ ನೀರು ನೂರಾರು ಮೀಟರ್ ಇಳಿದು, ದಡಗಳು ಹತ್ತಿರವಾಗಿ, ಅಗಲಿದ ಗುಂಪುಗಳು ಕೂಡಿದವು. ನೀರೇರಿದಾಗ ಮತ್ತೆ ಬೇರೆಯಾದವು. ಎದುರುಬದುರಿನ ದಡಗಳಲ್ಲಿ ಹತ್ತಿರದ ಬಳಗ ಸಿಗುವುದು ಇದರಿಂದಲೇ.

ಎರಡು ಬಣ್ಣಗಳನ್ನು ದಯವಿಟ್ಟು ಒಟ್ಟಿಗೆ ಬಿಡಬೇಡಿ. ಕೆಲವು ಬಗೆ ತಮ್ಮ ಬಣ್ಣದ ಜೋಡಿಯನ್ನೇ ಆರಿಸಿದರೂ ಎಷ್ಟೋ ಬಗೆಗಳು ಸಲೀಸಾಗಿ ಬೆರೆಯುತ್ತವೆ; ಆಮೇಲೆ ಮರಿ ಯಾವ ದಡದ್ದೆಂದು ಹೇಳಲು ಬರುವುದಿಲ್ಲ. ನಾಲ್ಕಡಿ ಉದ್ದದ, 250 ಲೀಟರ್‌ಗೆ ಕಡಿಮೆಯಿಲ್ಲದ ತೊಟ್ಟಿಯಲ್ಲಿ ಒಂದೇ ಬಗೆಯ 12–15 ಮೀನು ಸಾಕಿ. ನಾಲ್ಕೈದೇ ಇದ್ದರೆ ಬಲವಾದ ಗಂಡು ಒಂದೊಂದನ್ನೇ ಗುರಿಮಾಡಿ ಅಟ್ಟಾಡಿಸಿ ಸಾಯಿಸುತ್ತದೆ. ಉಷ್ಣಾಂಶ 25–27 ಡಿಗ್ರಿ, ಪಿಎಚ್ (ನೀರಿನ ಆಮ್ಲ-ಕ್ಷಾರ ಗುಣದ ಅಳತೆ) 8.5ರ ಆಸುಪಾಸು ಇರಲಿ. ಪಿಎಚ್ ಕಡಿಮೆ ಬಂದರೆ ಫಿಲ್ಟರ್‌ನಲ್ಲಿ ಹವಳದ ಚೂರು ಹಾಕಿ. ಸ್ಪಿರುಲಿನಾ ಎಂಬ ಪಾಚಿಯ ಆಹಾರ ಸಾಕು. ಪಾಚಿ ಅರಗಿಸಲೆಂದೇ ಉದ್ದವಾಗಿರುವ ಕರುಳಿಗೆ ಬ್ಲಡ್‌ವರ್ಮ್ ಎಂಬ ಕೆಂಪು ಹುಳು ಒಗ್ಗದೆ ಹೊಟ್ಟೆ ಉಬ್ಬರ ಬರುತ್ತದೆ, ಬಂದರೆ ಉಳಿಸಿಕೊಳ್ಳುವುದು ಕಷ್ಟ. ಕೊಳ್ಳುವಾಗ ಬಣ್ಣದ ಜೊತೆ ಹಿಡಿದ ಸ್ಥಳದ ಹೆಸರನ್ನೂ (ಇಕೋಲಾ, ಮೊಲಿರೋ ಹೀಗೆ) ಕೇಳಿ ತೊಟ್ಟಿಯ ಮೇಲೆ ಬರೆದಿಡಿ. ಮರಿ ಕೊಡುವಾಗಲೂ ಆ ಹೆಸರು ಹೇಳಿಯೇ ಕೊಡಿ.